ಅಂಗೈ ಒಣಗುವಷ್ಟರಲ್ಲಿ

ನಮ್ಮೂರಿನಲ್ಲಿ ಏಳು ಉಸಿರು ಎಳೆಯದೆ ಆಡಿದ ಮಾತು ಮಾತೇ ಅಲ್ಲ. ಹೊಲ ಮಾರುವವನಿರಲಿ, ಸಾಕ್ಷಿ ಹೇಳುವವನಿರಲಿ, ಮಗಳನ್ನು ಕೊಡುವವನಿರಲಿ, ಗುಡ್ಡದ ಬುಡದ ಉಸಿರುಗಂಡಿಗೆ ಬರಲೇಬೇಕು. ಬಂಡೆಯ ಸೀಳಿನಿಂದ ಅಲ್ಲಿ ಗಾಳಿ ಬರುತ್ತದೆ. ಕೊಂಬಿನ ನಳಿಗೆಗೆ ಬಾಯಿ ಹಚ್ಚಿ ಅದನ್ನು ಏಳು ಸಲ ಎಳೆಯಬೇಕು. ಆಮೇಲೆ ಅಂಗೈ ಒದ್ದೆ ಮಾಡಿಕೊಂಡು ಪಕ್ಕದ ಕರಿಗಲ್ಲಿನ ಮೇಲೆ ಒತ್ತಬೇಕು. ಆ ಗುರುತು ಒಣಗುವಷ್ಟರಲ್ಲಿ ಏನು ಹೇಳುತ್ತಾರೋ ಅದು ಮಾತು. ಮನೆಯಲ್ಲಿ ಹೇಳಿದ್ದು, ಚಾದಂಗಡಿಯಲ್ಲಿ ಹೇಳಿದ್ದು, ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದು, ಎಲ್ಲ ಬರೀ ಸದ್ದು. ಅದಕ್ಕೇ ನಮ್ಮೂರಿನ ಜನ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಂಡಿಯ ಕಾವಲು ನನ್ನದು. ಹೆಸರು ಕಾಶವ್ವ, ವಯಸ್ಸು ಮೂವತ್ತಾರು. ಅವ್ವ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಗಂಡಿಯ ಬಾಯಿಗೆ ಕಟ್ಟಿದ ತೊಗಲಿನ ಮುಚ್ಚಳದ ಪಕ್ಕ ಕೂತಿದ್ದೇನೆ. ಬಂದವರಿಗೆ ಬಿಚ್ಚುತ್ತೇನೆ, ಏಳರವರೆಗೆ ಎಣಿಸುತ್ತೇನೆ, ಕಟ್ಟುತ್ತೇನೆ. ಒಬ್ಬರಿಗೆ ವಾರಕ್ಕೆ ಏಳೇ. ಪಂಚರ ಹಿರಿಯ ಅಂದಾನಪ್ಪನವರ ತಾಯಿ ಎಂಟನೆಯದಕ್ಕೆ ಕೈಯೊಡ್ಡಿದಾಗಲೂ ನಾನು ಕೊಟ್ಟಿಲ್ಲ. ಆದರೆ ಮುಚ್ಚಳ ಹಳೆಯದು, ಹೊಲಿಗೆಯ ಸಂದಿಯಿಂದ ಸದಾ ಸೋರುತ್ತಿತ್ತು. ಊರಿನವರಿಗೆ ವಾರಕ್ಕೆ ಏಳು ಉಸಿರಾದರೆ ನನಗೆ ಬೆಳಗಿನಿಂದ ಸಂಜೆಯವರೆಗೆ ಪುಕ್ಕಟೆ.

ಆ ಗಾಳಿ ಹೊಕ್ಕ ತಲೆ ಹೇಗಿರುತ್ತದೆ ಎಂದರೆ, ಬೂದಿ ಹಚ್ಚಿ ಒರೆಸಿದ ಕಂದೀಲಿನ ಗಾಜಿನಂತೆ. ಏನು ಕೇಳಿದರೂ ಥಟ್ಟನೆ ಹೊಳೆಯುತ್ತದೆ. ಯಾವ ವರ್ಷ ಯಾರ ಎಮ್ಮೆ ಎಷ್ಟನೆಯ ಕರು ಹಾಕಿತು, ಯಾರು ಯಾವ ಸೀರೆಯಲ್ಲಿ ಬಂದು ಯಾರನ್ನು ಬೈದರು, ಎಲ್ಲ ನನಗೆ ಗೊತ್ತು. ಜಂಬ ಕೊಚ್ಚುತ್ತಿಲ್ಲ, ಬೇಕಾದರೆ ಬಂದು ಕೇಳಿ. ಆದರೆ ಹೀಗೆ ಹತ್ತೊಂಬತ್ತು ವರ್ಷ ಇದ್ದು ನೋಡಿ, ಆಗ ಗೊತ್ತಾಗುತ್ತದೆ. ನಿದ್ದೆ ಬಂದರೆ ಕೋಳಿನಿದ್ದೆ. ಸಾರು ಉಂಡರೆ ಸಾರಿನ ರುಚಿ ಸಿಗುವುದಿಲ್ಲ, ಕೊತ್ತಂಬರಿ ಬೇರೆ, ಮೆಣಸಿನಕಾಯಿ ಬೇರೆ, ಹುಣಸೆ ಬೇರೆ ಎಂದು ನಾಲಿಗೆ ವರದಿ ಒಪ್ಪಿಸುತ್ತದೆ. ಯಾರಾದರೂ ನಗೆಮಾತು ಹೇಳಲು ಬಾಯಿ ತೆರೆದರೆ ಅದರ ಕೊನೆ ನನಗೆ ಆಗಲೇ ತಿಳಿದಿರುತ್ತದೆ. ಸುಮ್ಮನಿರಬೇಕು ತಾನೆ? ಇರುವುದಿಲ್ಲ, ನಾನೇ ಹೇಳಿ ಮುಗಿಸುತ್ತಿದ್ದೆ. ಹೇಳುವವರು ಎದ್ದು ಹೋಗುತ್ತಿದ್ದರು.

ಒಂದು ಸಲ ದೊಡ್ಡೂರಿನಿಂದ ಡಾಕ್ಟರೊಬ್ಬರು ಬಂದರು. ನನ್ನ ತಲೆಗೆ ಇಪ್ಪತ್ತೊಂದು ವೈರು ಅಂಟಿಸಿ, ಪೆಟ್ಟಿಗೆಯೊಂದರಲ್ಲಿ ಗೆರೆ ಬರೆಸಿದರು. ಬೇರೆಯವರ ಮಿದುಳಿನಲ್ಲಿ ಉದ್ದುದ್ದ ಸೋಮಾರಿ ಅಲೆಗಳೂ ಇರುತ್ತವಂತೆ, ನನ್ನದರಲ್ಲಿ ಬರೀ ಸಣ್ಣ ಅವಸರದ ಅಲೆಗಳಂತೆ. "ನಿಮ್ಮ ಮಿದುಳು ಕೂತ್ಕೊಳ್ಳೋದೇ ಇಲ್ಲ ಕಾಶವ್ವ, ನಿಂತೇ ಇದೆ," ಎಂದರು. "ಕುಂದ್ರಾಕ ಜಾಗಾ ಎಲ್ಲೈತ್ರಿ?" ಎಂದೆ. ಅವರೂ ನಗಲಿಲ್ಲ, ನಾನೂ ನಗಲಿಲ್ಲ. ವೈರು ಕಿತ್ತ ಕಡೆ ಅಂಟು ಮೂರು ದಿನ ಹೋಗಲಿಲ್ಲ.

ಮದುವೆಯ ಒಪ್ಪಿಗೆಯೂ ಗಂಡಿಯಲ್ಲೇ ಆಗಬೇಕು. ತಲೆ ಅಷ್ಟು ಚುರುಕಾದ ಮೇಲೆ ಮದುವೆಗೆ ಯಾರಾದರೂ ಒಪ್ಪುತ್ತಾರೆಯೇ ಎಂದು ನೀವು ಕೇಳಬಹುದು. ಅದಕ್ಕೆ ಜನ ಉಪಾಯ ಕಂಡುಕೊಂಡಿದ್ದಾರೆ. ಮಳೆಗಾಲದಲ್ಲಿ ಅಂಗೈ ಗುರುತು ಬೇಗ ಒಣಗುವುದಿಲ್ಲ, ಹುಡುಗನಿಗೆ ಯೋಚಿಸಲು ಪುರಸೊತ್ತು ಸಿಗುತ್ತದೆ. ಆದ್ದರಿಂದ ನಮ್ಮಲ್ಲಿ ಮದುವೆಯ ಮಾತು ನಡೆಯುವುದು ಸುಡುಬೇಸಿಗೆಯಲ್ಲಿ, ಅದೂ ನಡುಮಧ್ಯಾಹ್ನ, ಕಲ್ಲು ಕಾದ ಹೆಂಚಾದಾಗ. ಅತ್ತೆಯಾಗುವವಳ ಸ್ವಭಾವ ನೆನಪಿಗೆ ಬರುವಷ್ಟರಲ್ಲಿ "ಒಪ್ಪಿಗೆ" ಎಂದು ಬಾಯಿಂದ ಬಿದ್ದಿರುತ್ತದೆ.

ನನ್ನನ್ನು ಕೇಳಿಕೊಂಡು ಮೂವರು ಬಂದಿದ್ದರು. ಮೂವರೂ ಬೇಸಿಗೆಯಲ್ಲೇ ಬಂದರು, ಮೂವರೂ ಏಳು ಉಸಿರು ಎಳೆದು ನನ್ನ ಮುಖ ನೋಡಿದರು. ಏನನ್ನೂ ಮರೆಯದ ಹೆಂಗಸಿನೊಂದಿಗೆ ನಲವತ್ತು ವರ್ಷ ಕಳೆಯುವುದು ಹೇಗಿರುತ್ತದೆ ಎಂದು ಒಂದೇ ಏಟಿಗೆ ಹೊಳೆದಿರಬೇಕು, ಗುರುತು ಅರ್ಧ ಒಣಗುವುದರೊಳಗೆ "ಬ್ಯಾಡ" ಎಂದರು. ಮೂರನೆಯವನಂತೂ ಕೈ ಎತ್ತುವ ಮೊದಲೇ ಅಂದ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ದುಃಖವಾಗಲಿಲ್ಲ ಎಂದರೆ ಸುಳ್ಳು. ದುಃಖವಾಯಿತು, ಮೂರು ಸಲವೂ ಆಯಿತು, ಮತ್ತು ನನಗೆ ಯಾವುದೂ ಮರೆಯುವುದಿಲ್ಲ ಎಂದು ಆಗಲೇ ಹೇಳಿದ್ದೇನೆ.

ಈ ಬೇಸಿಗೆಯಲ್ಲಿ ಮುಚ್ಚಳದ ಹೊಲಿಗೆ ಪೂರಾ ಬಿಟ್ಟುಕೊಂಡಿತು. ಅಂದಾನಪ್ಪನವರು ಬೀಡಿ ಸೇದುತ್ತ ಹತ್ತು ಮಾರು ದೂರದಲ್ಲಿ ನಿಂತಿದ್ದರು. ಬೀಡಿಯ ತುದಿ ಭಗ್ಗೆಂದು ಉರಿದು ಎಡಗಡೆಯ ಮೀಸೆ ಹೋಯಿತು. ಆ ಗಾಳಿಗೆ ಬೆಂಕಿ ಎಂದರೆ ಪ್ರಾಣ. ಒಂದೇ ಮೀಸೆಯಲ್ಲಿ ಅವರು ಪಂಚಾಯ್ತಿ ಕರೆದು, ಹೊಸ ತೊಗಲು ಹಾಕಿಸಬೇಕು, ಅಲ್ಲಿಯವರೆಗೆ ಗಂಡಿಗೆ ಮಣ್ಣು ಮೆತ್ತಬೇಕು ಎಂದು ತೀರ್ಮಾನ ಮಾಡಿಸಿದರು. ಹೊಲಿಯಲು ಕರೆಸಿದ್ದು ಯಮನೂರಪ್ಪನನ್ನು.

ಯಮನೂರಪ್ಪ ಕಮ್ಮಾರರಿಗೆ ಬೆಂಕಿ ಊದುವ ತೊಗಲಿನ ತಿದಿ ಹೊಲಿದು ಕೊಡುವವನು. ಹನ್ನೊಂದು ವರ್ಷದಿಂದ ಈ ಮುಚ್ಚಳಕ್ಕೆ ತೇಪೆ ಹಾಕುತ್ತಿದ್ದವನೂ ಅವನೇ. ನಲವತ್ತೆರಡು ವಯಸ್ಸು, ಹೆಂಡತಿ ಮಕ್ಕಳಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಗಾಳಿ ಎಳೆದವನಲ್ಲ. ಯಾಕೆಂದು ಕೇಳಿದರೆ, "ಅಂಥಾ ಮಾತೇನ್ ಆಡೂದೈತ್ರಿ ನಂದು? ನಾಳೆ ಬರ್ತೀನಿ ಅಂತೀನಿ, ಅಷ್ಟ," ಎನ್ನುತ್ತಿದ್ದ. ಆ ನಾಳೆಯೂ ಬರುತ್ತಿರಲಿಲ್ಲ. ಈ ಸಲ ಮಾತ್ರ ಕರೆದ ದಿನವೇ ಬಂದ, ನನಗೇ ಆಶ್ಚರ್ಯವಾಯಿತು. ಗಂಡಿಗೆ ಮಣ್ಣು ಮೆತ್ತಿ, ಬೇವಿನ ಮರದ ನೆರಳಿನಲ್ಲಿ ತೊಗಲು ಹರವಿಕೊಂಡು, "ಮೂರು ದಿನದ ಕೆಲಸಾರಿ," ಎಂದ.

ಮೂರು ದಿನ ಗಾಳಿ ಇಲ್ಲ. ಮೊದಲ ಬೆಳಗ್ಗೆ ನಾನು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಚಿಗವ್ವ ಫಕೀರವ್ವ, ಅಂದರೆ ನನ್ನ ಅವ್ವನ ತಂಗಿ, ಮನೆಯಲ್ಲಿ ನನ್ನ ಜೊತೆಗಿರುವವಳು ಅವಳೊಬ್ಬಳೇ, ನನ್ನ ಮೂಗಿನ ಹತ್ತಿರ ಕೈ ಹಿಡಿದು ಉಸಿರಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. "ಯವ್ವಾ, ಜೀವ ಹೋತೇನೊ ಅಂದ್ಕೊಂಡೆ!" ಎಂದಳು. ರೊಟ್ಟಿ ಬಡಿಯಲು ಕೂತು ಒಲೆಯನ್ನೇ ನೋಡುತ್ತಿದ್ದೆ, ಏನು ನೋಡುತ್ತಿದ್ದೆನೋ ಗೊತ್ತಿಲ್ಲ, ರೊಟ್ಟಿ ಸೀದು ಕರಿಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಸೀದ ಮೊದಲ ರೊಟ್ಟಿ. ಅದನ್ನು ಮುರಿದು ಪುಂಡಿಪಲ್ಲೆಯ ಜೊತೆ ತಿಂದೆ. ದೇವರಾಣೆ ಹೇಳುತ್ತೇನೆ, ಅದು ರುಚಿಯಾಗಿತ್ತು. ಏನೇನು ಹಾಕಿದೆ ಎಂದು ನಾಲಿಗೆ ಒಂದು ಮಾತೂ ಆಡಲಿಲ್ಲ.

ಎರಡನೆಯ ದಿನ ಅಂದಾನಪ್ಪನವರು ಎದುರಿಗೆ ಬಂದು ನಿಂತರು, ನನಗೆ ಅವರ ಹೆಸರು ಬರಲಿಲ್ಲ. ಒಂದೇ ಮೀಸೆಯ ಮುಖ ಗುರುತು ಸಿಕ್ಕಿತು, ಹೆಸರು ಸಿಗಲಿಲ್ಲ. "ಬರ್ರಿ... ಬರ್ರಿ ಯಜಮಾನ್ರ," ಎಂದೆ. ಅವರಿಗೆ ಖುಷಿಯೋ ಖುಷಿ. ಅವರು ಎಳವೆಯಲ್ಲಿ ಕುಂಬಳಕಾಯಿ ಕದ್ದು ಸಿಕ್ಕಿಬಿದ್ದದ್ದನ್ನು ಎದುರಾದಾಗಲೆಲ್ಲ ನೆನಪಿಸುತ್ತಿದ್ದವಳು ನಾನೇ.

ಮೂರನೆಯ ದಿನ ಮಾಡಲು ಕೆಲಸವಿಲ್ಲದೆ ಬೇವಿನ ಮರದ ಕೆಳಗೆ ಯಮನೂರಪ್ಪನ ಹತ್ತಿರ ಹೋಗಿ ಕೂತೆ. ಅವನು ದಬ್ಬಣ ಚುಚ್ಚಿ ದಾರ ಎಳೆಯುತ್ತ, ಯಾರಿಗೆ ಎಂದಿಲ್ಲದೆ ಕಥೆ ಶುರುಮಾಡಿದ. ಒಬ್ಬಾತನಿಗೆ ಹೆಂಡತಿ ದಿನವೂ ಹೇಳುತ್ತಿದ್ದಳಂತೆ, ನಿನ್ನ ಗೊರಕೆಗೆ ನನಗೆ ನಿದ್ದೆ ಇಲ್ಲ ಎಂದು. ಅವನು ಸುತರಾಂ ಒಪ್ಪುವುದಿಲ್ಲ.

"ಕಡೀಕ ಅಂವಗ ಸಿಟ್ಟ ಬಂತ್ರಿ," ಎಂದು ಯಮನೂರಪ್ಪ ದಾರ ಹಲ್ಲಿನಲ್ಲಿ ಕಡಿದ. "ಇವತ್ತ ನೋಡೇ ಬಿಡೂನು ಅಂತ ರಾತ್ರಿ ಪೂರಾ ಕಣ್ಣ ಪಿಳಕಿಸದಂಗ ಎಚ್ಚರ ಕುಂತ."

ನಾನು ಕಾದೆ. ಕಾಯುವುದು ಹೇಗಿರುತ್ತದೆ ಎಂದು ನನಗೆ ಮರೆತೇಹೋಗಿತ್ತು. "ಆಮ್ಯಾಲ?" ಎಂದೆ.

"ಬೆಳಗಾ ಮುಂಜಾನೆ ಹೆಂಡ್ತೀನ ಎಬ್ಬಸಿ ಅಂದ, ಏ ಸುಳ್ಳಿ, ಇಡೀ ರಾತ್ರಿ ಕಿವಿಗೊಟ್ಟು ಕೇಳೀನಿ, ಒಂದ್ ಸರ್ತಿನೂ ಗೊರಕಿ ಬರಲಿಲ್ಲ!"

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೊಟ್ಟೆಯ ಕೆಳಗಿನಿಂದ ಏನೋ ಎದ್ದು ಬಂತು, ತಡೆಯಲಾಗಲಿಲ್ಲ. ನಕ್ಕೆ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂದು ಬೇವಿನ ಬೊಡ್ಡೆಗೆ ಒರಗಿದೆ. ಯಮನೂರಪ್ಪ ಹೆದರಿ ದಬ್ಬಣ ಕೆಳಗಿಟ್ಟ. "ಯಾಕ್ರೀ ಕಾಶವ್ವಾರ, ಏನಾತು? ನೀರ ಬೇಕೇನ್ರಿ?" ಎಂದ. ನಾನು ಅಳುತ್ತಿದ್ದೇನೆ ಎಂದುಕೊಂಡನಂತೆ. ನಾನು ನಗುವುದನ್ನು ಊರಲ್ಲಿ ಯಾರೂ ನೋಡಿದವರಿರಲಿಲ್ಲವಲ್ಲ!

ಅವನು ದಬ್ಬಣ ಮತ್ತೆ ಎತ್ತಿಕೊಂಡು, ತೊಗಲನ್ನೇ ನೋಡುತ್ತ ಕೇಳಿದ. "ಇನ್ನೂ ಭಾಳ ಅದಾವ್ರಿ ಇಂಥಾವು. ಮನ್ಯಾಗ ಒಬ್ಬನ ಹೇಳಿ ಒಬ್ಬನ ನಗತೀನಿ. ನೀವು... ನನ್ನ ಕೂಡ ಇರ್ತೀರೇನು?"

"ಹೂಂ," ಎಂದೆ. ಯೋಚಿಸಲಿಲ್ಲ. ಯೋಚಿಸಲು ತಲೆಯಲ್ಲಿ ಏನೂ ಇರಲಿಲ್ಲ, ಎಷ್ಟು ಸುಖವಾಗಿತ್ತು!

ಸಂಜೆಯ ಹೊತ್ತಿಗೆ ಸುಖ ಇಳಿದು ಹೆದರಿಕೆ ಹತ್ತಿತು. ಮಂಕುತಲೆಯಲ್ಲಿ ಆಡಿದ "ಹೂಂ" ನಮ್ಮೂರಿನಲ್ಲಿ ಬರೀ ಸದ್ದು. ನಾಳೆ ಮಣ್ಣು ಕೆರೆದು ಗಂಡಿ ತೆರೆಯುತ್ತಾರೆ. ಹೊಸ ಮುಚ್ಚಳ ಒಂದೆಳೆ ಗಾಳಿಯನ್ನೂ ಸೋರಲು ಬಿಡುವುದಿಲ್ಲ, ಯಮನೂರಪ್ಪ ಅಷ್ಟು ಬಿಗಿಯಾಗಿ ಹೊಲಿದಿದ್ದ. ಹಾಗಾಗಿ ನಾನೂ ಎಲ್ಲರಂತೆ ಏಳು ಉಸಿರು ಎಳೆದು ಹೇಳಬೇಕು. ಮೂರು ದಿನದಲ್ಲಿ ಮರೆತದ್ದೆಲ್ಲ ಒಮ್ಮೆಲೇ ನುಗ್ಗಿ ಬಂದರೆ? ನನ್ನ ತಲೆ ನನಗೆ ಗೊತ್ತು, ಅದು ಯಾರನ್ನೂ ಬಿಟ್ಟಿಲ್ಲ. ನಾನೇ "ಬ್ಯಾಡ" ಎಂದುಬಿಟ್ಟರೆ? ನಾನು ಒಪ್ಪಿದರೂ ಅವನು ಆ ಮೂವರಂತೆ ನನ್ನ ಮುಖ ನೋಡಿ ಹಿಂದೆ ಸರಿದರೆ? ನನಗೆ ಅವನು ಬೇಕಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

"ಹುಚ್ಚಿ, ಇದಕ್ಯಾಕ ಅಳ್ತಿ?" ಎಂದಳು ಫಕೀರವ್ವ ಚಿಗವ್ವ. "ಮುಚ್ಚಳ ನಿನ್ನ ಕೈಯಾಗೈತಿ. ಏಳು ಅಂತ ಎಣಸು, ಎಳಿಯೂದು ಮೂರ ಎಳಿ. ಯಾರ ನೋಡ್ತಾರ?"

"ಅದು ಆಗಂಗಿಲ್ಲ ಚಿಗವ್ವ."

"ಹಂಗಾರ ಬಿಸಲ ನೆತ್ತಿ ಮ್ಯಾಲ ಬರೂತನಾ ಕಾಯಿ. ಕಲ್ಲ ಕಾದಿರಬೇಕು, ಕೈ ಇಟ್ಟರ ಚುರ್ ಅನಬೇಕು. ನಿನ್ನ ತಲಿಗೆ ತಪ್ಪ ಹುಡಕಾಕ ಟೈಮ ಕೊಡಬ್ಯಾಡ. ನಿಮ್ಮ ಕಾಕಾನ ನಾ ಹಿಂಗ ಹಿಡದಿದ್ದು."

ಇದು ಊರಿನ ರೂಢಿ, ಮೋಸವೇನಲ್ಲ. ಒಪ್ಪಿದೆ.

ಮರುದಿನ ಸೂರ್ಯ ನೆತ್ತಿಗೆ ಬಂದಾಗ ಊರಿಗೆ ಊರೇ ಸೇರಿತ್ತು. ಕಾಶವ್ವ ನಕ್ಕಳಂತೆ ಎಂಬ ಸುದ್ದಿಗೇ ಅರ್ಧ ಜನ ಬಂದಿದ್ದರು. ಅಂದಾನಪ್ಪನವರು ಬಲಮೀಸೆಯನ್ನೂ ಬೋಳಿಸಿಕೊಂಡು ಬಂದು ಕಲ್ಲಿನ ಹತ್ತಿರ ನಿಂತರು. ಮೊದಲು ಹೆಣ್ಣು ಹೇಳುವುದು ನಮ್ಮ ಪದ್ಧತಿ. ಚಿಗವ್ವನ ಕೈಗೆ ಮುಚ್ಚಳದ ದಾರ ಕೊಟ್ಟು, ಎಣಿಕೆಯನ್ನು ನಾನೇ ಬೆರಳಲ್ಲಿ ಹಿಡಿದು, ಏಳೂ ಎಳೆದೆ. ಒಂದೂ ಬಿಡಲಿಲ್ಲ. ತಂಬಿಗೆಯಲ್ಲಿ ಕೈ ಅದ್ದಿ ಕಲ್ಲಿಗೆ ಒತ್ತಿದೆ.

ಬಂತು. ಕಟ್ಟೆ ಒಡೆದಂತೆ ಬಂತು. ಹನ್ನೊಂದು ವರ್ಷದಲ್ಲಿ ಯಮನೂರಪ್ಪ ಮೂವತ್ತೊಂದು ಸಲ "ನಾಳೆ" ಎಂದಿದ್ದ, ಈ ಸಲ ಒಂದೇ ಕರೆದ ದಿನ ಬಂದಿದ್ದ. ಮೈಯಿಂದ ಹಸಿ ತೊಗಲಿನ ವಾಸನೆ. ಹಾಡಿದರೆ ಕತ್ತೆ ವಾಸಿ. ಉಳ್ಳಾಗಡ್ಡಿಯಿಲ್ಲದೆ ಚಹಾ ಸಹ ಕುಡಿಯುವನೋ ಇಲ್ಲವೋ ಎಂಬಂಥವನು. ಆ ಗೊರಕೆಯ ಕಥೆಯನ್ನು ಹಿಂದೆ ಎರಡು ಸಲ ನನ್ನೆದುರಿಗೇ ಶುರುಮಾಡಿದ್ದ, ಎರಡು ಸಲವೂ ನಾನೇ ಕೊನೆ ಹೇಳಿ ಅವನ ಬಾಯಿ ಮುಚ್ಚಿಸಿದ್ದೆ.

ಅಲ್ಲೇ ತಲೆ ನಿಂತಿತು. ಬಾಯಿ ಮುಚ್ಚಿಸಿದ್ದೆ, ಅವನು ಎದ್ದು ಹೋಗಿರಲಿಲ್ಲ. "ಹೌದೇನ್ರಿ?" ಎಂದು ನಕ್ಕು ಹೊಲಿಗೆ ಮುಂದುವರಿಸಿದ್ದ. ನಾನು ತಪ್ಪು ತೋರಿಸಿದಾಗ ಊರಿನ ಒಬ್ಬೊಬ್ಬರೂ ಯಾವ ದಿನ, ಯಾವ ಮಾತಿಗೆ ಎದ್ದು ಹೋದರು ಎಂಬುದು ನನಗೆ ಗೊತ್ತು. ಹುಡುಕಿದೆ, ಮೂಲೆ ಮೂಲೆ ಹುಡುಕಿದೆ. ಯಮನೂರಪ್ಪ ಎದ್ದು ಹೋದ ದಿನ ಒಂದೂ ಸಿಗಲಿಲ್ಲ.

"ಒಪ್ಪಿಗೆ," ಎಂದೆ. ಕಿರುಬೆರಳಿನ ಗುರುತು ಇನ್ನೂ ಹಸಿ ಇತ್ತು. ಜನ ಹೋ ಎಂದರು.

ಈಗ ಅವನ ಸರದಿ. ಏಳು ಉಸಿರು ಎಳೆದ, ಒದ್ದೆ ಕೈ ಕಲ್ಲಿಗೆ ಒತ್ತಿದ, ತಿರುಗಿ ನನ್ನನ್ನು ನೋಡಿದ. ಕಣ್ಣು ದೊಡ್ಡವಾದವು. ನೋಡುತ್ತಲೇ ಇದ್ದ. ಹೆಬ್ಬೆರಳು ಒಣಗಿತು. "ಹೇಳಪ್ಪಾ," ಎಂದರು ಅಂದಾನಪ್ಪನವರು. ನೋಡುತ್ತಲೇ ಇದ್ದ. ಬೆರಳುಗಳು ಒಂದೊಂದೇ ಒಣಗಿದವು, ಕಾದ ಹೆಂಚಲ್ಲವೇ. "ಏ ಯಮನೂರಾ, ಬಾಯಿ ಬಿಡೋ!" ಎಂದು ಚಿಗವ್ವ ಚೀರಿದಳು. ಅಂಗೈಯ ನಡುವಿನ ಒಂದು ಕಾಸಿನಷ್ಟು ಹಸಿಯೂ ಆರಿತು. ಅವನು ಬಾಯಿ ಬಿಡಲಿಲ್ಲ.

ಅಂದಾನಪ್ಪನವರು ಕಲ್ಲಿನ ಮೇಲೆ ಬೆರಳಾಡಿಸಿ, "ಮಾತ ಬರಲಿಲ್ಲ. ಇಲ್ಲಂತ ಬರಕೊಳ್ಳೂನೇನು?" ಎಂದರು. ನನ್ನ ತಲೆ ಆ ಹೊತ್ತಿನಲ್ಲಿ ಎಷ್ಟು ಚುರುಕಾಗಿತ್ತೆಂದರೆ, ನಾಲ್ಕನೆಯವನು ಎಂಬುದು ಮೈಯ ಎಲ್ಲ ಕಡೆಯೂ ಒಟ್ಟಿಗೆ ಚುಚ್ಚಿತು. ಆ ಮೂವರು ಬೇಡ ಎನ್ನಲು ಬಾಯಿ ಬಿಟ್ಟಿದ್ದರು, ಇವನಿಗೆ ಅಷ್ಟೂ ಬೇಡವಾಯಿತೇ! ನೆಟ್ಟಗೆ ಅವನೆದುರಿಗೆ ಹೋಗಿ ನಿಂತೆ.

"ಏನ್ ಕಂಡಿ ನನ್ನ ಮಾರ್‍ಯಾಗ? ಬ್ಯಾಡಂದ್ರ ಬ್ಯಾಡನ್ನು. ಊರ ಮುಂದ ಮೂಕ ಬಸವಣ್ಣ ಆಗಿ ನಿಂದರಬ್ಯಾಡ!"

ಯಮನೂರಪ್ಪ ನಿದ್ದೆಯಿಂದ ಎದ್ದವನಂತೆ ಕಲ್ಲಿನ ಕಡೆ ನೋಡಿದ. "ಅಯ್ಯ ಶಿವನ, ಒಣಗೇ ಬಿಡ್ತಾ?" ಎಂದ. "ಹನ್ನೊಂದ್ ವರ್ಷ ತೊಗಲ ನೋಡ್ಕೋತ ಕುಂತಿದ್ನಿ, ಕಾಶವ್ವ. ನಿನ್ನ ಹುಬ್ಬಿನ ಮ್ಯಾಲ ಕಲೆ ಐತಿ ಅಂತ ಇವತ್ತ ಕಂಡ್ನಿ. ಬೈತಾಳ್ಯಾಗ ನಾಕು ಬೆಳ್ಳನ್ನ ಕೂದಲಾ. ಸಿಟ್ಟ ಬಂದಾಗ ನಿನ್ನ ಎಡಗಿವಿ ಅಷ್ಟ ಕೆಂಪ ಆಗತೈತಿ. ಎಲ್ಲಾ ಒಮ್ಮೆಕ್ಕ ಕಂಡ್ವು. ನೋಡ್ಕೋತ ನಿಂತ್ನಿ, ಹೇಳೂದ ಮರತ್ನಿ."

ಊರು ನಕ್ಕಿತು. ನಾನು ನಗಲಿಲ್ಲ, ಕಾದ ಕಲ್ಲನ್ನು ನೋಡಿದೆ. ನನಗೆ ಹೊತ್ತು ಸಿಗಬಾರದೆಂದು ನಾವು ಹುಡುಕಿ ಹುಡುಕಿ ಆರಿಸಿದ ಸುಡುಬಿಸಿಲು ಅವನ ಹೊತ್ತನ್ನು ನುಂಗಿತ್ತು. ತಪ್ಪು ನನ್ನದು, ಚಿಗವ್ವನದು.

"ಪಾಪ ಅನಸತೈತಿ," ಎಂದರು ಅಂದಾನಪ್ಪನವರು, "ಆದ್ರ ಒಣಗಿದ್ದು ಒಣಗಿತು. ಮದವಿ ಮಾತ ಒಂದ ಸಲ ತಪ್ಪಿದರ ಮತ್ತ ಮುಂದಿನ ಬ್ಯಾಸಗಿಗೆ."

ಮುಂದಿನ ಬೇಸಿಗೆ! ಇನ್ನೂ ನನ್ನ ತಲೆಯಲ್ಲಿ ಏಳು ಉಸಿರು ಪೂರಾ ಇತ್ತು. ಹತ್ತೊಂಬತ್ತು ವರ್ಷ ಅದು ನನ್ನನ್ನು ನುಣ್ಣಗೆ ಅರೆದಿತ್ತು, ಒಂದು ಸಲವಾದರೂ ನನ್ನ ಪರವಾಗಿ ಓಡಲಿ ಎಂದುಕೊಂಡೆ. ಕರಿಗಲ್ಲಿನ ಬದಿಯಲ್ಲಿ ಕೆತ್ತಿದ ಕಟ್ಟಳೆ ಊರಲ್ಲಿ ಯಾರಿಗೂ ಬಾಯಿಗೆ ಬರುವುದಿಲ್ಲ, ನನಗೆ ಬರುತ್ತದೆ. ಜೋರಾಗಿ ಹೇಳಿದೆ: "ಅಂಗೈಯಿಂದ ಕಲ್ಲಿಗೆ ಇಳಿದ ನೀರು ಆರುವ ತನಕ ಆಡಿದ ಮಾತು ಮಾತು. ಹೌದಲ್ರಿ? ಎಷ್ಟ ನೀರು ಅಂತ ಎಲ್ಲಿ ಬರದಾರ? ಎಷ್ಟ ಸಲ ಅಂತ ಎಲ್ಲಿ ಬರದಾರ?"

ಅಂದಾನಪ್ಪನವರು ಬಗ್ಗಿ ಕಲ್ಲು ಓದಿದರು. ಇನ್ನೊಮ್ಮೆ ಓದಿದರು. ಇಲ್ಲದ ಮೀಸೆಯನ್ನು ಸವರಿಕೊಂಡರು. "ಬರದಿಲ್ಲ," ಎಂದರು.

ಬೇವಿನ ಬುಡದಲ್ಲಿ ಜನಕ್ಕೆ ಕುಡಿಯಲು ಇಟ್ಟಿದ್ದ ತುಂಬಿದ ಕೊಡವನ್ನು ಎತ್ತಿ ತಂದೆ. "ಕೈ ಹಿಡಿ," ಎಂದೆ. ಯಮನೂರಪ್ಪ ಎರಡೂ ಅಂಗೈ ಬೊಗಸೆ ಮಾಡಿ ಕಲ್ಲಿನ ಮೇಲೆ ಹಿಡಿದ. ಸುರುವಿದೆ. ಬೊಗಸೆ ತುಂಬಿ, ಅಂಚಿನಿಂದ ಹರಿದು, ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ನೀರಾಯಿತು, ಅಂದಾನಪ್ಪನವರ ಚಪ್ಪಲಿ ತೊಯ್ದವು. ಕೊಡ ಬರಿದಾಗುವವರೆಗೂ ಸುರುವಿದೆ.

"ಈಗ ಹೇಳು," ಎಂದೆ. "ಅವಸರಿಲ್ಲ."

ಯಮನೂರಪ್ಪ ಮತ್ತೆ ನನ್ನ ಮುಖ ನೋಡಿದ. ಜನ ಉಸಿರು ಬಿಗಿಹಿಡಿದರು. ಈ ಸಲ ಅವನು ಮೊದಲು ಬಾಯಿ ತೆರೆದ.

"ಒಪ್ಪಿಗೆ," ಎಂದ. ಚಿಗವ್ವ ನೆಲಕ್ಕೆ ಕೂತುಬಿಟ್ಟಳು, ಯಾರೋ ಸಿಳ್ಳೆ ಹಾಕಿದರು. ಅವನು ಮಾತ್ರ ಬೊಗಸೆ ಇಳಿಸಲಿಲ್ಲ, ನನ್ನ ಮುಖದಿಂದ ಕಣ್ಣೂ ಕೀಳಲಿಲ್ಲ.

"ಇನ್ನೊಂದ್ ಕೊಡಾ ತಾ, ಕಾಶಿ," ಎಂದ. "ನೋಡೂದು ಇನ್ನೂ ಮುಗದಿಲ್ಲ."

ನಾನು ಕೊಡ ತೆಗೆದುಕೊಂಡು ಬಾವಿಗೆ ಹೋದೆ.